ಹಳೆಯ ಸ್ಕೂಬಾ ರೆಗ್ಯುಲೇಟರ್ ಕೊಳ್ಳಬಹುದೇ? ಒತ್ತಡದ ಪಾಠದಲ್ಲೊಂದು ನಿರ್ಧಾರದ ಪ್ರಶ್ನೆ

ಪೀಠಿಕೆ

ವಿಜ್ಞಾನದ ಪಾಠವನ್ನು ಮಕ್ಕಳ ಬದುಕಿಗೆ ಜೋಡಿಸಬೇಕು ಎಂದು ನಾವೆಲ್ಲರೂ ಪಾಠಯೋಜನೆಯಲ್ಲಿ ಬರೆಯುತ್ತೇವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ತ್ವಗಳಲ್ಲಿ ಮೊದಲನೆಯದೇ ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಬೆಸೆಯುವುದು. ಆದರೆ ಅಭ್ಯಾಸ ಬೋಧನೆಯಲ್ಲಿ ಈ ಬೆಸುಗೆ ಸಾಮಾನ್ಯವಾಗಿ ಒಂದು ಉದಾಹರಣೆಯಷ್ಟಕ್ಕೆ ನಿಲ್ಲುತ್ತದೆ. ಅಣೆಕಟ್ಟಿನ ಗೋಡೆ ಬುಡದಲ್ಲಿ ದಪ್ಪಗಿರುತ್ತದೆ, ಒಂಟೆಯ ಪಾದ ಅಗಲವಾಗಿರುತ್ತದೆ ಎಂದು ನಾವು ಹೇಳುತ್ತೇವೆ, ಮಕ್ಕಳು ತಲೆಯಾಡಿಸುತ್ತಾರೆ. ಆ ತಿಳಿವಳಿಕೆಯಿಂದ ಅವರು ಏನನ್ನೂ ನಿರ್ಧರಿಸಬೇಕಾಗಿರುವುದಿಲ್ಲ.

ಉದಾಹರಣೆಯ ಬದಲು ಒಂದು ನಿರ್ಧಾರವನ್ನೇ ಪಾಠದ ನಡುವೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಶಾಲಾನುಭವದ ಅವಧಿಯಲ್ಲಿ ಪ್ರಯತ್ನಿಸಿದೆ. ಭಟ್ಕಳ ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ಒತ್ತಡದ ಭಾಗವನ್ನು ಮೂರು ಅವಧಿಗಳಲ್ಲಿ ಬೋಧಿಸಿದೆ. ಮೂರೂ ಅವಧಿಗಳನ್ನು ಹಿಡಿದಿಟ್ಟ ಪ್ರಶ್ನೆ ಒಂದೇ: ಚೆನ್ನಾಗಿ ನೋಡಿಕೊಂಡ ಹಳೆಯ ಸ್ಕೂಬಾ ರೆಗ್ಯುಲೇಟರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ? ಪಾಠದ ಕ್ರಮ, ಅದಕ್ಕೆ ಬೇಕಾದ ವಿಷಯಜ್ಞಾನ, ಮಕ್ಕಳು ತಲುಪಿದ ತೀರ್ಮಾನ ಮತ್ತು ಶಿಕ್ಷಕರ ಹೊಣೆಯ ಗಡಿ ಇವಿಷ್ಟನ್ನು ಈ ಲೇಖನದಲ್ಲಿ ಹೇಳಿದ್ದೇನೆ.

ಈ ಪ್ರಶ್ನೆಯೇ ಏಕೆ?

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಕಳೆದ ಮೇಲೆ ಸ್ಕೂಬಾ ದೋಣಿಗಳು ಹೋಗುತ್ತವೆ. ನಮ್ಮ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಮೀನುಗಾರಿಕೆಯ ಮನೆಯವರು. ಕೆಲವರ ಅಣ್ಣಂದಿರು, ಮಾವಂದಿರು ಈ ದೋಣಿಗಳಲ್ಲಿ ಕೆಲಸ ಮಾಡುತ್ತಾರೆ. ಪೂರ್ವಜ್ಞಾನ ಪರೀಕ್ಷೆಯ ದಿನ ಒಬ್ಬ ಹುಡುಗ ಕೇಳಿದ: “ಟೀಚರ್, ನಮ್ಮ ಅಣ್ಣಗೆ ಒಬ್ಬರು ಹಳೇ ರೆಗ್ಯುಲೇಟರ್ ಕೊಡ್ತೇನೆ ಅಂದಿದಾರೆ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು ಇಟ್ಟದ್ದಂತೆ. ತಗೊಳ್ಳಬಹುದಾ?”

ಅಣ್ಣ ಡೈವಿಂಗ್ ತರಬೇತಿ ಪಡೆದು ಸ್ವಂತ ಉಪಕರಣ ಮಾಡಿಕೊಳ್ಳಲು ಹೊರಟವನು. ಹೊಸದನ್ನು ಕೊಳ್ಳುವಷ್ಟು ಹಣ ಕೈಯಲ್ಲಿಲ್ಲ. ಕೊಳ್ಳುವ ವಸ್ತುವೋ ನೀರಿನಡಿಯಲ್ಲಿ ಉಸಿರು ಕೊಡುವಂಥದ್ದು. ‘ಬೇಡ’ ಎಂದರೆ ಅವನ ದುಡಿಮೆಯ ದಾರಿಗೆ ಅಡ್ಡ ನಿಂತ ಹಾಗೆ. ‘ತಗೊ’ ಎಂದರೆ ಅವನ ಪ್ರಾಣದ ಬಗ್ಗೆ ಹಗುರವಾಗಿ ಮಾತಾಡಿದ ಹಾಗೆ. ಎರಡೂ ಉತ್ತರಗಳಿಗೆ ಬೆಲೆ ತೆರಬೇಕಾದವರು ಬೇರೆಯವರು. ಆದ್ದರಿಂದ ಉತ್ತರ ಕೊಡುವ ಬದಲು, ಉತ್ತರ ಕೊಡಲು ಏನೇನು ತಿಳಿದಿರಬೇಕು ಎಂಬುದನ್ನೇ ಪಾಠವಾಗಿ ಯೋಜಿಸಿದೆ.

ನಿರೀಕ್ಷಿತ ಕಲಿಕಾ ಫಲಗಳನ್ನು ಹೀಗೆ ಬರೆದುಕೊಂಡೆ: ಆಳ ಹೆಚ್ಚಿದಂತೆ ದ್ರವದ ಒತ್ತಡ ಹೆಚ್ಚುವುದನ್ನು ಲೆಕ್ಕ ಹಾಕುವುದು, ರೆಗ್ಯುಲೇಟರಿನ ಕೆಲಸವನ್ನು ಒತ್ತಡದ ವ್ಯತ್ಯಾಸದ ಮೂಲಕ ವಿವರಿಸುವುದು, ‘ಹಳೆಯದು’, ‘ಒಳ್ಳೆಯದು’ ಎಂಬ ಮಾತುಗಳನ್ನು ಪರೀಕ್ಷಿಸಬಲ್ಲ ಪ್ರಶ್ನೆಗಳಾಗಿ ಬದಲಿಸುವುದು.

ವಿಷಯ ಸಿದ್ಧತೆ: ರೆಗ್ಯುಲೇಟರ್ ಮಾಡುವ ಕೆಲಸ

ಮಕ್ಕಳಿಗೆ ರೆಗ್ಯುಲೇಟರ್ ಎಂಬ ಪದ ಹೊಸದಲ್ಲ. ಅಡುಗೆ ಅನಿಲದ ಸಿಲಿಂಡರಿನ ಮೇಲೆ ಕೂರುವುದೂ ರೆಗ್ಯುಲೇಟರೇ. ಒಳಗಿನ ಹೆಚ್ಚಿನ ಒತ್ತಡವನ್ನು ಒಲೆಗೆ ಬೇಕಾದಷ್ಟಕ್ಕೆ ಇಳಿಸುವುದು ಅದರ ಕೆಲಸ. ಈ ಹೋಲಿಕೆಗೆ ಇತಿಹಾಸದ ಆಧಾರವೂ ಇದೆ. 1943ರಲ್ಲಿ ಫ್ರಾನ್ಸಿನಲ್ಲಿ ಎಮಿಲ್ ಗಾನ್ಯಾನ್ ಮತ್ತು ಜಾಕ್ ಕುಸ್ತೋ ರೂಪಿಸಿದ ‘ಆಕ್ವಾಲಂಗ್’ ಉಪಕರಣಕ್ಕೆ ಮೂಲವಾದದ್ದು, ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಅನಿಲದಿಂದ ಓಡಿಸುತ್ತಿದ್ದ ಕಾರುಗಳಿಗಾಗಿ ಗಾನ್ಯಾನ್ ಕೆಲಸ ಮಾಡಿದ್ದ ಒಂದು ಕವಾಟ.

ಇಂದಿನ ಸ್ಕೂಬಾ ರೆಗ್ಯುಲೇಟರ್ ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಸಿಲಿಂಡರಿಗೆ ಜೋಡಿಸುವ ಭಾಗ ಮೊದಲ ಹಂತ. ತುಂಬಿದ ಸಿಲಿಂಡರಿನ ಸುಮಾರು 200 ಬಾರ್ ಒತ್ತಡವನ್ನು ಅದು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9–10 ಬಾರ್ ಹೆಚ್ಚಿರುವಷ್ಟಕ್ಕೆ ಇಳಿಸುತ್ತದೆ. ಇದಕ್ಕೆ ಮಧ್ಯಂತರ ಒತ್ತಡ ಎನ್ನೋಣ. ಬಾಯಲ್ಲಿ ಕಚ್ಚಿಕೊಳ್ಳುವ ಭಾಗ ಎರಡನೆಯ ಹಂತ. ಅದರಲ್ಲಿ ಒಂದು ರಬ್ಬರ್ ಪೊರೆ ಇದೆ. ಪೊರೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ಉಸಿರೆಳೆದಾಗ ಒಳಗಿನ ಒತ್ತಡ ತುಸು ಕಡಿಮೆಯಾಗುತ್ತದೆ, ನೀರು ಪೊರೆಯನ್ನು ಒಳಕ್ಕೆ ಒತ್ತುತ್ತದೆ, ಪೊರೆ ಒಂದು ಸನ್ನೆಯನ್ನು ಒತ್ತಿ ಕವಾಟ ತೆರೆಯುತ್ತದೆ. ಉಸಿರೆಳೆಯುವುದು ನಿಂತರೆ ಕವಾಟ ಮುಚ್ಚುತ್ತದೆ. ಹೀಗೆ ಡೈವರ್ ಯಾವ ಆಳದಲ್ಲಿದ್ದರೂ ಅಲ್ಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದ ಗಾಳಿಯೇ ಅವನಿಗೆ ಸಿಗುತ್ತದೆ.

ಮೊದಲ ಅವಧಿ: ಆಳ, ಒತ್ತಡ, ಉಸಿರು

‘ಉದ್ದನೆಯ ಪೈಪೊಂದನ್ನು ಬಾಯಲ್ಲಿಟ್ಟುಕೊಂಡು ನೀರಿನಡಿಯಲ್ಲಿ ಏಕೆ ಉಸಿರಾಡಬಾರದು?’ ಎಂಬ ಪ್ರಶ್ನೆಯಿಂದ ತೊಡಗಿದೆ. ಒಂದು ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲ್ಮೈಗಿಂತ ಸುಮಾರು 10,000 ಪಾಸ್ಕಲ್ ಹೆಚ್ಚು. ಎದೆಯ ಮುಂಭಾಗದ ಹರಹನ್ನು 0.05 ಚದರ ಮೀಟರ್ ಎಂದುಕೊಂಡರೆ ಅದರ ಮೇಲೆ ಬೀಳುವ ಹೆಚ್ಚುವರಿ ಬಲ 500 ನ್ಯೂಟನ್. ಅಂದರೆ ಸುಮಾರು 50 ಕೆ.ಜಿ. ಸಿಮೆಂಟ್ ಮೂಟೆಯ ಭಾರ. ಪೈಪಿನೊಳಗಿನ ಗಾಳಿಯ ಒತ್ತಡ ಮಾತ್ರ ದಡದ ಗಾಳಿಯದೇ. ಮೂಟೆ ಹೊತ್ತ ಎದೆ ಹಿಗ್ಗುವುದು ಹೇಗೆ? ಈ ಲೆಕ್ಕವನ್ನು ಮಕ್ಕಳೇ ಮಾಡಿದರು. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂಬ ಸೂತ್ರ ಇಲ್ಲಿ ತಾನಾಗಿಯೇ ಕೆಲಸಕ್ಕೆ ಬಂತು.

ಆಮೇಲೆ ಕೋಷ್ಟಕ ತುಂಬಿಸಿದೆವು. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಸುಮಾರು 1 ಬಾರ್ ಒತ್ತಡ ಸೇರುತ್ತದೆ. ಮೇಲ್ಮೈಯಲ್ಲಿ 1, 10 ಮೀಟರಿನಲ್ಲಿ 2, 20 ಮೀಟರಿನಲ್ಲಿ 3, 30 ಮೀಟರಿನಲ್ಲಿ 4. ಒಬ್ಬ ಡೈವರಿಗೆ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬೇಕೆಂದುಕೊಂಡರೆ, 20 ಮೀಟರ್ ಆಳದಲ್ಲಿ ಅವನು ಸಿಲಿಂಡರಿನಿಂದ ಖರ್ಚು ಮಾಡುವುದು ಮೇಲ್ಮೈಯ ಲೆಕ್ಕದಲ್ಲಿ 60 ಲೀಟರ್. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಇದ್ದರೆ ಒಟ್ಟು 2,200 ಲೀಟರ್; ಆಪತ್ತಿಗೆಂದು 50 ಬಾರ್ ಉಳಿಸಿದರೆ ಬಳಸಲು ಸಿಗುವುದು 1,650 ಲೀಟರ್, ಅಂದರೆ 27 ನಿಮಿಷ ಚಿಲ್ಲರೆ. ಇದೇ ಗಾಳಿ ಮೇಲ್ಮೈಯಲ್ಲಿ 82 ನಿಮಿಷ ಸಾಕಾಗುತ್ತಿತ್ತು. ರೆಗ್ಯುಲೇಟರ್ ಸೋರಿದರೆ ಆಳದಲ್ಲಿ ಸಿಗುವ ಈ ಸಮಯ ಇನ್ನೂ ಕಡಿಮೆಯಾಗುತ್ತದೆ ಎಂಬುದನ್ನು ಒಬ್ಬ ವಿದ್ಯಾರ್ಥಿನಿ ಕೋಷ್ಟಕ ನೋಡಿಯೇ ಹೇಳಿದಳು.

ಅವಧಿಯ ಕೊನೆಗೆ ಯು ಆಕಾರದ ನಳಿಕೆಯ ಚಟುವಟಿಕೆ. ಪಾರದರ್ಶಕ ನಳಿಕೆಯನ್ನು ರಟ್ಟಿನ ಮೇಲೆ ಬಗ್ಗಿಸಿ ಕಟ್ಟಿ, ಬೀಟ್‌ರೂಟ್ ಬಣ್ಣದ ನೀರು ಹಾಕಿದ್ದೆ. ಪ್ರತಿಯೊಬ್ಬರೂ ತಮ್ಮದೇ ಸ್ಟ್ರಾ ಸಿಕ್ಕಿಸಿ ಮೆಲ್ಲನೆ ಹೀರಿ, ಎರಡು ತೋಳುಗಳ ನೀರಿನ ಮಟ್ಟದ ವ್ಯತ್ಯಾಸ 3 ಸೆಂ.ಮೀ. ಆಗುವಂತೆ ಹಿಡಿದು ನೋಡಬೇಕು. ಹೀರಿದ್ದೇ ತಿಳಿಯುವುದಿಲ್ಲ, ಅಷ್ಟು ಹಗುರ. ಲೆಕ್ಕ ಹಾಕಿದರೆ ಅದು ಸುಮಾರು 300 ಪಾಸ್ಕಲ್. ಸರಿಯಾಗಿ ಹೊಂದಿಸಿದ ರೆಗ್ಯುಲೇಟರ್ ಹೆಚ್ಚು ಕಡಿಮೆ ಇಷ್ಟೇ ಹೀರುವಿಕೆಗೆ ಗಾಳಿ ಬಿಡಬೇಕು. ಸಿಲಿಂಡರಿನೊಳಗೆ 200 ಬಾರ್, ಅಂದರೆ 2 ಕೋಟಿ ಪಾಸ್ಕಲ್. ಒಂದು ತುದಿಯಲ್ಲಿ 2 ಕೋಟಿ, ಇನ್ನೊಂದು ತುದಿಯಲ್ಲಿ 300. ನಡುವೆ ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಎರಡು ಭಾಗಗಳು. ಉಪಕರಣದ ಬಗ್ಗೆ ಮಕ್ಕಳಿಗೆ ಗೌರವ ಮೂಡಿದ್ದು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಾಗ.

ಎರಡನೆಯ ಅವಧಿ: ಯಾವುದಕ್ಕೆ ವಯಸ್ಸಾಗುತ್ತದೆ?

‘ನಿಮ್ಮ ಮನೆಯ ಕುಕ್ಕರಿಗೆ ಎಷ್ಟು ವರ್ಷ?’ ಎಂದು ಕೇಳಿದೆ. ಅಮ್ಮನ ಮದುವೆಗೆ ಬಂದದ್ದು ಎಂದವರು ಹಲವರು. ‘ಗ್ಯಾಸ್ಕೆಟ್ಟಿಗೆ?’ ಎಂದಾಗ, ಹೋದ ವರ್ಷ ಬದಲಿಸಿದ್ದು, ಮೊನ್ನೆ ಸಂತೆಯಿಂದ ತಂದದ್ದು ಎಂಬ ಉತ್ತರಗಳು ಬಂದವು. ಹಾಗಾದರೆ ಕುಕ್ಕರ್ ಹಳೆಯದೋ ಹೊಸದೋ? ಅಡುಗೆ ಅನಿಲದ ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಗೆ ಐದು ವರ್ಷದ ಅವಧಿ ಇರುವುದನ್ನೂ ಒಬ್ಬಳು ನೆನಪಿಸಿದಳು. ಒಂದೇ ವಸ್ತುವಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ವಯಸ್ಸು ಎಂಬ ಮಾತು ಹೀಗೆ ಅಡುಗೆಮನೆಯಿಂದಲೇ ಹೊರಟಿತು.

ರೆಗ್ಯುಲೇಟರಿನ ಬಿಡಿಸಿದ ಚಿತ್ರವನ್ನು ಗುಂಪುಗಳಿಗೆ ಕೊಟ್ಟು ಭಾಗಗಳನ್ನು ಮೂರಾಗಿ ವಿಂಗಡಿಸಲು ಹೇಳಿದೆ.

ಮೊದಲನೆಯದು, ದಶಕಗಳ ಕಾಲ ಬಾಳುವಂಥದ್ದು. ಮೊದಲ ಹಂತದ ಒಡಲು ಹೆಚ್ಚಾಗಿ ಕ್ರೋಮ್ ಲೇಪದ ಹಿತ್ತಾಳೆ. ಉಪ್ಪುನೀರು ಒಳಸೇರದಂತೆ ನೋಡಿಕೊಂಡರೆ ಅದು ಸುಲಭಕ್ಕೆ ಸವೆಯುವುದಿಲ್ಲ.

ಎರಡನೆಯದು, ಕಾಲಕಾಲಕ್ಕೆ ಬದಲಿಸಲೇಬೇಕಾದದ್ದು. ಓ-ರಿಂಗುಗಳು, ಕವಾಟ ಬಂದು ಕೂರುವ ಮೆತ್ತನೆಯ ಸೀಟು, ರಬ್ಬರ್ ಪೊರೆ, ಉಸಿರು ಹೊರಹೋಗುವ ಕವಾಟ, ಕೊಳವೆಗಳು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ 100 ಡೈವುಗಳಿಗೊಮ್ಮೆ ಸರ್ವಿಸ್ ಮಾಡಿಸಬೇಕೆಂಬುದು ರೂಢಿ. ಕೆಲವು ತಯಾರಕರು ಎರಡು ವರ್ಷದ ಅವಧಿ ಕೊಡುತ್ತಾರೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ರಬ್ಬರಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ. ‘ಒಮ್ಮೆಯೂ ಬಳಸಿಲ್ಲ’ ಎಂಬುದು ಮಾರುವವರ ಹೆಮ್ಮೆಯ ಮಾತಾದರೂ ಕೊಳ್ಳುವವರಿಗೆ ಅದರಿಂದ ಭರವಸೆ ಸಿಗುವುದಿಲ್ಲ.

ಮೂರನೆಯದು, ಹಾಳಾಗದೆಯೂ ಹಳತಾಗುವಂಥದ್ದು. ಇಂದಿನ ಜೋಡಣೆಗೆ ಮೊದಲ ಹಂತದಲ್ಲಿ ಕಡಿಮೆ ಒತ್ತಡದ ಕನಿಷ್ಠ ಮೂರು ರಂಧ್ರಗಳು ಬೇಕು: ಮುಖ್ಯ ಎರಡನೆಯ ಹಂತಕ್ಕೆ ಒಂದು, ಜೊತೆಗಾರನಿಗೆ ಆಪತ್ತಿನಲ್ಲಿ ಕೊಡುವ ಇನ್ನೊಂದು ಎರಡನೆಯ ಹಂತಕ್ಕೆ ಒಂದು, ತೇಲುವ ಜಾಕೆಟ್ಟಿಗೆ ಒಂದು. ಒತ್ತಡಮಾಪಕಕ್ಕೆ ಹೆಚ್ಚಿನ ಒತ್ತಡದ ಒಂದು ರಂಧ್ರವೂ ಬೇಕು. ತೀರ ಹಳೆಯ ಮಾದರಿಗಳಲ್ಲಿ ಇಷ್ಟು ರಂಧ್ರಗಳಿರುವುದಿಲ್ಲ. ಕೆಲವು ಹಳೆಯ ಮಾದರಿಗಳಲ್ಲಿ ಎರಡೂ ಬಗೆಯ ರಂಧ್ರಗಳ ಅಳತೆ ಒಂದೇ. ಕಡಿಮೆ ಒತ್ತಡದ ಕೊಳವೆಯನ್ನು ತಪ್ಪಿ ಹೆಚ್ಚಿನ ಒತ್ತಡದ ರಂಧ್ರಕ್ಕೆ ತಿರುಗಿಸಿದರೆ ಅದು ಒಡೆಯಬಹುದು. ಸಿಲಿಂಡರಿಗೆ ಜೋಡಿಸುವ ಬಗೆಯೂ ಎರಡು: ಬಿಗಿದು ಹಿಡಿಯುವ ಯೋಕ್, ತಿರುಪಿನ ಡಿನ್. ತಾನು ಬಳಸುವ ಸಿಲಿಂಡರುಗಳಿಗೆ ಯಾವುದು ಹೊಂದುತ್ತದೆ ಎಂದು ಕೊಳ್ಳುವವನು ಮೊದಲೇ ನೋಡಬೇಕು.

ಇಲ್ಲಿ ಹಳೆಯ ಮಾದರಿಗಳ ಪರವಾಗಿಯೂ ಹೇಳಬೇಕಾದ್ದಿದೆ. ರೆಗ್ಯುಲೇಟರಿನ ಮೂಲ ವಿನ್ಯಾಸಗಳು ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಸ್ಕೂಬಾಪ್ರೊದ ಎಂಕೆ2 ಸರಳ ಪಿಸ್ಟನ್ನಿನ ಮೊದಲ ಹಂತ. ಹಲವು ದಶಕಗಳ ಆ ವಿನ್ಯಾಸದ ಸುಧಾರಿತ ರೂಪ ಇಂದಿಗೂ ಮಾರಾಟದಲ್ಲಿದೆ. ಇಂಥ ಸಮತೋಲನವಿಲ್ಲದ ಪಿಸ್ಟನ್ ವಿನ್ಯಾಸದಲ್ಲಿ ಸಿಲಿಂಡರ್ ಬರಿದಾಗುತ್ತ ಬಂದಂತೆ ಮಧ್ಯಂತರ ಒತ್ತಡ ತುಸು ಇಳಿದು ಉಸಿರೆಳೆಯುವುದು ಸ್ವಲ್ಪ ಬಿಗಿಯಾಗುತ್ತದೆ. ಸಮತೋಲಿತ ವಿನ್ಯಾಸದಲ್ಲಿ ಹಾಗಾಗುವುದಿಲ್ಲ. ತೀರ ತಣ್ಣನೆಯ ನೀರಿನಲ್ಲಿ ಒಳಭಾಗ ಹೆಪ್ಪುಗಟ್ಟದಂತೆ ಹೊಸ ಮಾದರಿಗಳಲ್ಲಿ ಮಾಡಿರುವ ಏರ್ಪಾಡುಗಳಿಗೆ ಬೆಲೆ ಹೆಚ್ಚು. ನಮ್ಮ ಅರಬ್ಬೀ ಸಮುದ್ರದ ಬೆಚ್ಚನೆಯ ನೀರಿಗೆ ಅವುಗಳ ಅಗತ್ಯ ಬರುವುದಿಲ್ಲ. ಅಂದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದೂ ವೈಜ್ಞಾನಿಕವಲ್ಲ.

ಮೂರನೆಯ ಅವಧಿ: ನೋಡಿ, ಅಳೆದು, ಲೆಕ್ಕ ಹಾಕಿ

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಬ್ಬ ಅನುಭವಿ ಡೈವಿಂಗ್ ತರಬೇತುದಾರರನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಸಿದೆವು. ಅವರು ಎರಡು ರೆಗ್ಯುಲೇಟರ್ ತಂದಿದ್ದರು: ಒಂದು ಹೊಸತನ ಮಾಸದ್ದು, ಇನ್ನೊಂದು ನಮ್ಮ ಮಕ್ಕಳಿಗಿಂತ ವಯಸ್ಸಿನಲ್ಲಿ ಹಿರಿಯದು. ಯಾವುದು ಯಾವುದೆಂದು ಹೇಳದೆ ಬಟ್ಟೆ ಮುಚ್ಚಿ ಪರೀಕ್ಷೆ ತೋರಿಸಿದರು. ಸಿಲಿಂಡರನ್ನು ಮುಟ್ಟಿದವರು ಅವರೊಬ್ಬರೇ.

ಮೊದಲ ಪರೀಕ್ಷೆಗೆ ಸಿಲಿಂಡರ್ ಬೇಕಿಲ್ಲ. ಮೊದಲ ಹಂತದ ಗಾಳಿ ಒಳಬರುವ ದ್ವಾರವನ್ನು ಮುಚ್ಚಳದಿಂದ ಬಿಗಿಯಾಗಿ ಮುಚ್ಚಿ ಬಾಯಿಯ ತುದಿಯಿಂದ ಉಸಿರೆಳೆದರೆ ಗಾಳಿ ಬರಬಾರದು. ಬಂದರೆ ಪೊರೆ ಹರಿದಿದೆ ಅಥವಾ ಹೊರಕವಾಟ ಸರಿಯಾಗಿ ಕೂತಿಲ್ಲ ಎಂದು ಅನುಮಾನಿಸಬೇಕು.

ಎರಡನೆಯದು ಬೋಗುಣಿಯ ಪರೀಕ್ಷೆ. ಸಿಲಿಂಡರಿಗೆ ಜೋಡಿಸಿದ ಎರಡನೆಯ ಹಂತವನ್ನು, ಬಾಯಿಯ ತುದಿ ಮೇಲೆ, ಪೊರೆ ಕೆಳಗೆ ಇರುವಂತೆ ಹಿಡಿದು ನೀರಿಗೆ ಮೆಲ್ಲನೆ ಇಳಿಸಬೇಕು. ಒಂದು ಆಳದಲ್ಲಿ ‘ಸುಯ್’ ಎಂದು ಗಾಳಿ ಬಿಡುತ್ತದೆ. ಆಗ ಪೊರೆ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆ ಎಂದು ಅಳೆದರೆ ಕವಾಟ ತೆರೆಯಲು ಬೇಕಾದ ಒತ್ತಡ ನೀರಿನ ಸೆಂಟಿಮೀಟರಿನಲ್ಲೇ ಸಿಗುತ್ತದೆ. ಯು ನಳಿಕೆಯಲ್ಲಿ ಹೀರಿ ನೋಡಿದ ಅದೇ 3 ಸೆಂ.ಮೀ. ಇಲ್ಲಿ ಸದ್ದು ಮಾಡಿದಾಗ ತರಗತಿಯೂ ಸದ್ದು ಮಾಡಿತು. ಎರಡೂ ರೆಗ್ಯುಲೇಟರುಗಳು 3 ಮತ್ತು 4 ಸೆಂ.ಮೀ. ನಡುವೆ ಗಾಳಿ ಬಿಟ್ಟವು. ಹಳೆಯದು ಯಾವುದೆಂದು ಮಕ್ಕಳಿಗೆ ಗುರುತಿಸಲಾಗಲಿಲ್ಲ.

‘ಹಾಗಾದ್ರೆ ಹಳೇದೇ ತಗೊಳ್ಳೋದು’ ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ಪಾಠ ಅಲ್ಲಿಗೇ ಮುಗಿದಿದ್ದರೆ ಅಪಾಯಕಾರಿಯಾಗುತ್ತಿತ್ತು. ತರಬೇತುದಾರರು ಮೂರನೆಯ ಪರೀಕ್ಷೆ ತೋರಿಸಿದರು: ಮಧ್ಯಂತರ ಒತ್ತಡವನ್ನು ಅಳೆಯುವ ಮಾಪಕ. ಉಸಿರೆಳೆದಾಗ ಮುಳ್ಳು ತುಸು ಇಳಿದು ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಲ್ಲಬೇಕು. ನಿಲ್ಲದೆ ಮೆಲ್ಲಮೆಲ್ಲನೆ ಮೇಲೇರುತ್ತಿದ್ದರೆ ಮೊದಲ ಹಂತದ ಸೀಟು ಸೋರುತ್ತಿದೆ ಎಂದರ್ಥ. ಬಾಯಿಗೆ ಹಿತವಾಗಿ ಗಾಳಿ ಕೊಡುತ್ತಿರುವ ರೆಗ್ಯುಲೇಟರಿನಲ್ಲೂ ಈ ದೋಷ ಇರಬಹುದು. ಹೆಚ್ಚಿನ ಎರಡನೆಯ ಹಂತಗಳು ಒತ್ತಡ ಮಿತಿಮೀರಿದಾಗ ಗಾಳಿ ನಿಲ್ಲಿಸುವ ಬದಲು ಹೊರಬಿಡುವಂತೆ ಮಾಡಿರುತ್ತಾರೆ. ಉಸಿರು ಕಟ್ಟುವುದಿಲ್ಲ, ಆದರೆ ಸಿಲಿಂಡರ್ ಬೇಗ ಬರಿದಾಗುತ್ತದೆ. ಮೊದಲ ಅವಧಿಯ 27 ನಿಮಿಷದ ಲೆಕ್ಕವನ್ನು ಮಕ್ಕಳು ಇಲ್ಲಿ ತಾವಾಗಿಯೇ ತೆಗೆದರು.

ನಾಲ್ಕನೆಯದು ಕಣ್ಣಿನ ಪರೀಕ್ಷೆ. ಗಾಳಿ ಒಳಬರುವಲ್ಲಿ ಲೋಹದ ಪುಡಿ ಒತ್ತಿ ಮಾಡಿದ ಸಣ್ಣ ಶೋಧಕವಿದೆ. ಅದು ಹಸಿರುಗಟ್ಟಿದ್ದರೆ ನೀರು ಒಳಗೆ ಹೋಗಿ ಹಿತ್ತಾಳೆಗೆ ಕಿಲುಬು ಹತ್ತಿರುವ ಸೂಚನೆ. ಕೆಂಪಗಿದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು ಬಂದಿರುವ ಸೂಚನೆ. ಹೊರಗಿನ ಹೊಳಪು ಹೇಳದ ಕಥೆಯನ್ನು ಈ ಶೋಧಕ ಹೇಳುತ್ತದೆ.

ಆನಂತರ ಗುಂಪುಗಳಿಗೆ ಮೂರು ಸನ್ನಿವೇಶ ಚೀಟಿಗಳನ್ನು ಕೊಟ್ಟೆ. ಇವುಗಳ ಬೆಲೆಗಳು ಲೆಕ್ಕಕ್ಕಾಗಿ ನಾನೇ ಇಟ್ಟವು, ಮಾರುಕಟ್ಟೆಯ ದರಗಳಲ್ಲ.

ಚೀಟಿ 1: ಇಪ್ಪತ್ತು ವರ್ಷ ಹಳೆಯದು. ಒಬ್ಬರೇ ಬಳಸಿದ್ದು. ಪ್ರತಿ ಸರ್ವಿಸಿನ ರಸೀದಿ ಇದೆ. ತಯಾರಕರು ಈಗಲೂ ಬಿಡಿಭಾಗ ಕೊಡುತ್ತಾರೆ. ಬೆಲೆ 12,000 ರೂಪಾಯಿ.

ಚೀಟಿ 2: ಆರು ವರ್ಷ ಹಳೆಯದು. ಬಾಡಿಗೆಗೆ ಓಡಿದ್ದು. ದಾಖಲೆ ಇಲ್ಲ. ಶೋಧಕ ಹಸಿರುಗಟ್ಟಿದೆ. ಬೆಲೆ 10,000 ರೂಪಾಯಿ.

ಚೀಟಿ 3: ಮೂವತ್ತೈದು ವರ್ಷ ಹಳೆಯದು. ಒಮ್ಮೆಯೂ ಬಳಸದೆ ಪೆಟ್ಟಿಗೆಯಲ್ಲೇ ಇದ್ದದ್ದು. ಬಿಡಿಭಾಗ ಸಿಗುವುದು ನಿಂತಿದೆ. ಬೆಲೆ 5,000 ರೂಪಾಯಿ.

ಹೊಸದರ ಬೆಲೆ 36,000, ಪೂರ್ಣ ಸರ್ವಿಸಿಗೆ 6,000, ಹೊಸ ಕೊಳವೆಗಳಿಗೆ 4,000 ಎಂದು ಇಟ್ಟುಕೊಂಡೆವು. ಮೊದಲ ಅವಧಿಗೂ ಮುಂಚೆ ಇದೇ ಚೀಟಿಗಳನ್ನು ತೋರಿಸಿ ಅಭಿಪ್ರಾಯ ಕೇಳಿದ್ದಾಗ ಹೆಚ್ಚಿನವರು ವಯಸ್ಸು ನೋಡಿ ಎರಡನೆಯದನ್ನೂ, ‘ಬಳಸೇ ಇಲ್ಲ’ ಎಂದು ಮೂರನೆಯದನ್ನೂ ಆರಿಸಿದ್ದರು. ಈಗ ಲೆಕ್ಕ ಬೇರೆಯಾಯಿತು. ಮೊದಲನೆಯದಕ್ಕೆ ಒಟ್ಟು 22,000. ಹೊಸದಕ್ಕಿಂತ 14,000 ಉಳಿತಾಯ. ಎರಡನೆಯದು ಕಾಗದದ ಮೇಲೆ 20,000. ಆದರೆ ಕಿಲುಬು ಎಲ್ಲಿಯವರೆಗೆ ಹೋಗಿದೆಯೋ ಬಿಚ್ಚುವವರೆಗೆ ಗೊತ್ತಿಲ್ಲ, ಆದ್ದರಿಂದ ಒಟ್ಟು ಮೊತ್ತವೇ ಗೊತ್ತಿಲ್ಲ. ಮೂರನೆಯದಕ್ಕೆ ಸರ್ವಿಸ್ ಮಾಡಲು ಭಾಗಗಳೇ ಇಲ್ಲ. 5,000 ಕೊಟ್ಟು ಕಪಾಟಿನಲ್ಲಿಡುವ ವಸ್ತು ತಂದ ಹಾಗೆ.

“ವರ್ಷ ವರ್ಷ ಸರ್ವಿಸ್ ಹೊಸದಕ್ಕೂ ಬೇಕಲ್ಲ ಟೀಚರ್, ಅದನ್ನ ಎರಡೂ ಕಡೆ ಬಿಡಬಹುದು” ಎಂದ ಒಬ್ಬ. “ಆದರೆ ಹೊಸದಕ್ಕೆ ಗ್ಯಾರಂಟಿ ಉಂಟು, ಹಳೇದಕ್ಕೆ ಇಲ್ಲ. ಬಿಚ್ಚಿದ ಮೇಲೆ ಇನ್ನೂ ಆರು ಸಾವಿರ ಅಂದರೆ ಉಳಿಯೋದು ಎಂಟೇ ಸಾವಿರ” ಎಂದಳು ಅವನ ಎದುರು ಗುಂಪಿನವಳು. ಅಪ್ಪನ ಜೊತೆ ಹಳೆಯ ದೋಣಿ ಎಂಜಿನ್ ನೋಡಲು ಹೋಗಿದ್ದ ಹುಡುಗ ಹೇಳಿದ ಮಾತು ಇದಕ್ಕೆಲ್ಲ ಸಾರವಾಗಿತ್ತು: “ಎಂಜಿನ್ ನೋಡೂದಲ್ಲ, ಮೊದಲು ಸ್ಪೇರ್ ಎಲ್ಲಿ ಸಿಗ್ತದೆ, ಮೆಕ್ಯಾನಿಕ್ ಯಾರು ಅಂತ ಕೇಳೂದು.”

ತೀರ್ಮಾನ

ತರಗತಿ ತಲುಪಿದ್ದೂ, ನಾನು ಒಪ್ಪುವುದೂ ಹೀಗಿದೆ. ಚೆನ್ನಾಗಿ ನೋಡಿಕೊಂಡ ಹಳೆಯ ರೆಗ್ಯುಲೇಟರ್ ಕೊಳ್ಳಲು ಯೋಗ್ಯವೇ. ಆದರೆ ನಾಲ್ಕು ಷರತ್ತುಗಳೂ ಒಟ್ಟಿಗೆ ಪೂರೈಸಬೇಕು. ಒಂದು, ಆ ಮಾದರಿಯ ಬಿಡಿಭಾಗ ಈಗಲೂ ಸಿಗಬೇಕು ಮತ್ತು ಅದನ್ನು ಬಿಚ್ಚಿ ಜೋಡಿಸಬಲ್ಲ ಅರ್ಹ ತಂತ್ರಜ್ಞರು ಕೈಗೆಟುಕುವಲ್ಲಿರಬೇಕು. ಎರಡು, ಸರ್ವಿಸಿನ ದಾಖಲೆ ಇರಬೇಕು. ‘ಚೆನ್ನಾಗಿ ನೋಡಿಕೊಂಡದ್ದು’ ಎಂಬ ಬಾಯಿಮಾತು ಸಾಲದು. ಮೂರು, ಇಂದಿನ ಜೋಡಣೆಗೆ ಬೇಕಾದ ರಂಧ್ರಗಳೂ ಸಿಲಿಂಡರಿಗೆ ಹೊಂದುವ ಜೋಡಣೆಯೂ ಇರಬೇಕು. ನಾಲ್ಕು, ಕೊಂಡ ಬೆಲೆಗೆ ಪೂರ್ಣ ಸರ್ವಿಸನ್ನೂ ಹೊಸ ಕೊಳವೆಗಳನ್ನೂ ಸೇರಿಸಿದ ಮೇಲೂ ಗಮನಾರ್ಹ ಉಳಿತಾಯ ಇರಬೇಕು. ಒಂದು ಷರತ್ತು ತಪ್ಪಿದರೂ, ಪುಕ್ಕಟೆ ಕೊಟ್ಟರೂ ಬೇಡ. ಈ ಪಟ್ಟಿಯಲ್ಲಿ ವಯಸ್ಸು ಎಂಬ ಷರತ್ತೇ ಇಲ್ಲದಿರುವುದನ್ನು ಮಕ್ಕಳಿಂದಲೇ ಗುರುತಿಸಿಸಿದೆ.

ಹುಡುಗನ ಅಣ್ಣ ಈಗ ಮಾರುವವರಿಂದ ಮಾದರಿಯ ಹೆಸರು, ಕ್ರಮಸಂಖ್ಯೆ ಮತ್ತು ರಸೀದಿಗಳನ್ನು ಕೇಳಿದ್ದಾನೆ. ತಂತ್ರಜ್ಞರೊಬ್ಬರು ನೋಡಿ ಹೇಳುವವರೆಗೆ ಮುಂಗಡ ಕೊಡುವುದಿಲ್ಲ ಎಂದಿದ್ದಾನೆ.

ಮೌಲ್ಯಮಾಪನ

ಲಿಖಿತ ಪರೀಕ್ಷೆಯಲ್ಲಿ 15 ಮೀಟರ್ ಆಳದ ಒತ್ತಡ ಮತ್ತು ಗಾಳಿಯ ಬಳಕೆಯ ಲೆಕ್ಕ ಕೇಳಿದ್ದೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ: ‘ನಿಮ್ಮ ಮನೆಯವರು ಹಳೆಯ ಕುಕ್ಕರ್, ಪಂಪ್ ಅಥವಾ ದೋಣಿ ಎಂಜಿನ್ ಕೊಳ್ಳಲು ಹೊರಟಿದ್ದಾರೆ. ಮಾರುವವರನ್ನು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಬರೆದು, ಪ್ರತಿಯೊಂದರ ಉತ್ತರದಿಂದ ನಿಮ್ಮ ನಿರ್ಧಾರ ಹೇಗೆ ಬದಲಾಗುತ್ತದೆ ಎಂದು ತಿಳಿಸಿ.’ ಅಂಕ ಕೊಟ್ಟದ್ದು ಪ್ರಶ್ನೆಗಳ ಸಂಖ್ಯೆಗಲ್ಲ, ‘ಹೇಗೆ ಬದಲಾಗುತ್ತದೆ’ ಎಂಬ ಭಾಗಕ್ಕೆ. ಉತ್ತರ ಏನೇ ಬಂದರೂ ನಿರ್ಧಾರ ಬದಲಾಗದಿದ್ದರೆ ಆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಲೆಕ್ಕದಲ್ಲಿ ಹಿಂದುಳಿದ ಕೆಲವರು ಈ ಭಾಗದಲ್ಲಿ ತರಗತಿಯಲ್ಲೇ ಒಳ್ಳೆಯ ಉತ್ತರ ಬರೆದರು. ಅವರಿಗೆ ಸಂತೆ, ಬಂದರಿನ ವ್ಯವಹಾರ ಗೊತ್ತು.

ಶಿಕ್ಷಕರ ಹೊಣೆಯ ಗಡಿ

ಪಾಠ ವೀಕ್ಷಿಸಿದ ಉಪನ್ಯಾಸಕರು ಚರ್ಚೆಯಲ್ಲಿ ಒಂದು ಗಂಭೀರ ಪ್ರಶ್ನೆ ಎತ್ತಿದರು: ಪ್ರಾಣಕ್ಕೆ ಸಂಬಂಧಿಸಿದ ಉಪಕರಣದ ಬಗ್ಗೆ ತರಗತಿಯಲ್ಲಿ ತೀರ್ಮಾನಿಸುವುದು ಸರಿಯೇ? ಇದಕ್ಕೆ ಉತ್ತರವಾಗಿ ಪಾಠದೊಳಗೇ ಎರಡು ಗೆರೆಗಳನ್ನು ಎಳೆದಿದ್ದೆ.

ಮೊದಲನೆಯದು, ನಮ್ಮ ಪರೀಕ್ಷೆಗಳು ತಿರಸ್ಕರಿಸಲು ಸಾಕು, ಒಪ್ಪಿಕೊಳ್ಳಲು ಸಾಲವು. ಮುಳ್ಳು ಮೇಲೇರಿದರೆ ಬೇಡ ಎನ್ನಬಹುದು. ಏರದಿದ್ದ ಮಾತ್ರಕ್ಕೆ ಸುರಕ್ಷಿತ ಎನ್ನಲಾಗದು. ಆ ಮಾತು ಹೇಳಬೇಕಾದವರು ಬಿಚ್ಚಿ ನೋಡಿದ ತಂತ್ರಜ್ಞರು. ಊಹೆಯನ್ನು ತಳ್ಳಿಹಾಕುವುದಕ್ಕೂ ಸಾಬೀತು ಮಾಡುವುದಕ್ಕೂ ಇರುವ ಈ ವ್ಯತ್ಯಾಸ ಸ್ವತಃ ವಿಜ್ಞಾನ ವಿಧಾನದ ಪಾಠ.

ಎರಡನೆಯದು, ಮಕ್ಕಳು ಸ್ಕೂಬಾ ಉಪಕರಣವನ್ನು ನೀರಿನಲ್ಲಿ ಪ್ರಯೋಗಿಸಿ ನೋಡಬಾರದು. ಕೆರೆ, ಬಾವಿ, ಈಜುಕೊಳ ಯಾವುದರಲ್ಲೂ ಕೂಡದು. ಆಳದಲ್ಲಿ ಒತ್ತಡದ ಗಾಳಿಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ. ಇದು ಒಂದೆರಡು ಮೀಟರ್ ಆಳದಿಂದ ಬಂದರೂ ಆಗಬಹುದು. ಬಾಯ್ಲನ ನಿಯಮದಿಂದ ಇದನ್ನು ವಿವರಿಸಿದ್ದರಿಂದ ಎಚ್ಚರಿಕೆ ಬರಿಯ ಗದರಿಕೆಯಾಗಲಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಕರಾವಳಿಯಿಂದ ದೂರದ ಶಾಲೆಯಲ್ಲಿ ಸ್ಕೂಬಾ ರೆಗ್ಯುಲೇಟರನ್ನೇ ತೆಗೆದುಕೊಳ್ಳಬೇಕಿಲ್ಲ. ಕೊಳವೆಬಾವಿಯ ಹಳೆಯ ಪಂಪು, ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರಿನ ಟೈರು, ಔಷಧ ಸಿಂಪಡಿಸುವ ಯಂತ್ರ ಇವೆಲ್ಲವೂ ಒತ್ತಡದ ಪಾಠಕ್ಕೆ ಒದಗುತ್ತವೆ. ಆರಿಸುವಾಗ ಮೂರು ಸಂಗತಿಗಳನ್ನು ನೋಡಿಕೊಳ್ಳಿ. ಪ್ರಶ್ನೆ ಮಕ್ಕಳ ಮನೆಯಲ್ಲಿ ನಿಜಕ್ಕೂ ಏಳುವಂಥದ್ದಾಗಿರಲಿ. ಘಟಕದ ಸೂತ್ರವಿಲ್ಲದೆ ಅದನ್ನು ಬಿಡಿಸಲಾಗದಂತಿರಲಿ. ‘ಹೌದು’, ‘ಇಲ್ಲ’ ಎಂಬ ಒಂದೇ ಮಾತಿನ ಉತ್ತರಕ್ಕೆ ಅದು ಸಿಕ್ಕದಿರಲಿ.

ಅವಧಿಗಳ ಹಂಚಿಕೆಯಲ್ಲಿ ಪರೀಕ್ಷೆ ಮತ್ತು ಲೆಕ್ಕದ ಭಾಗಕ್ಕೆ ಎರಡು ಅವಧಿ ಒಟ್ಟಿಗೆ ಸಿಕ್ಕರೆ ಒಳ್ಳೆಯದು. ಚೀಟಿಗಳ ಚರ್ಚೆಯನ್ನು ಗಂಟೆ ಬಾರಿಸಿತೆಂದು ಕತ್ತರಿಸಬಾರದು. ಚೀಟಿಗಳನ್ನು ಪಾಠಕ್ಕೆ ಮುಂಚೆ ಒಮ್ಮೆ, ಕೊನೆಗೆ ಒಮ್ಮೆ ಕೊಡಿ. ತಮ್ಮ ಆಯ್ಕೆ ಬದಲಾದದ್ದನ್ನು ಮಕ್ಕಳೇ ನೋಡಿದಾಗ, ಏಕೆ ಬದಲಾಯಿತು ಎಂದು ನಾವು ಕೇಳುವ ಮೊದಲೇ ಅವರು ಹೇಳತೊಡಗುತ್ತಾರೆ.